ಬಂಗಾರದ ಬಾಲ, ಬೆಳ್ಳಿ ಬಾಲ

ಚಿಕ್ಕೋಡಿಯ ನಮ್ಮ ಕಾಲೇಜಿನಿಂದ ಕಳೆದ ಮೇ ತಿಂಗಳ ಕೊನೆಗೆ ಒಬ್ಬರು ನಿವೃತ್ತರಾದರು. ಹುದ್ದೆ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕ. ವಿದ್ಯಾರ್ಥಿಗಳು, ಅಧ್ಯಾಪಕರು, ಕ್ಯಾಂಟೀನಿನವರು ಎಲ್ಲರೂ ಅವರನ್ನು ಕರೆಯುತ್ತಿದ್ದುದು ಚಾಚಾ ಎಂದು. ಬೀಳ್ಕೊಡುಗೆಯ ದಿನ ಪ್ರಾಚಾರ್ಯರು ಶಾಲು ಹೊದಿಸಿ, ಪ್ರಾಮಾಣಿಕತೆ, ಸಮಯಪಾಲನೆ ಎಲ್ಲವನ್ನೂ ಹೊಗಳಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಚಾಚಾ ಎರಡೇ ಮಾತಾಡಿದರು.

“ಈ ಲ್ಯಾಬಿನ್ಯಾಗ ಇಪ್ಪತ್ತೊಂದ ವರ್ಷದಾಗ ಒಂದ ಕೂಸಿಗೂ ಬೆಂಕಿ ಮುಟ್ಟಿಲ್ರಿ. ಮುಂದೂ ಮುಟ್ಟಬಾರದು.”

ಹೇಳಿ ಕೂತುಬಿಟ್ಟರು. ಹೊಸದಾಗಿ ಸೇರಿದ ಅಧ್ಯಾಪಕರೊಬ್ಬರು ನನ್ನ ಕಡೆ ಬಾಗಿ, ಭಾರಿ ಗತ್ತಿನ ಮನುಷ್ಯ ಎಂದರು. ಗತ್ತಲ್ಲ. ಅದೇನೆಂದು ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ನಾನು ಕಾಗವಾಡ ಕಡೆಯ ಒಂದು ಜೈನ ಒಕ್ಕಲು ಮನೆಯವಳು. ದೀಪಾವಳಿಯಲ್ಲಿ ನಮ್ಮ ಮನೆಯಲ್ಲಿ ಪಟಾಕಿ ಇಲ್ಲ. ಹುಳುಹುಪ್ಪಡಿ ಸಾಯುತ್ತವೆಂದು ಅಜ್ಜಿ ಸುರುಸುರು ಬತ್ತಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಈ ಕಾಲೇಜಿಗೆ ಬಂದಾಗ, ಲೋಹ ಉರಿಯುವ ಸಮೀಕರಣವನ್ನು ಹಲಗೆಯ ಮೇಲೆ ಬರೆಯಬಲ್ಲವಳಾಗಿದ್ದ ನಾನು ಒಂದು ಕಿಡಿಯನ್ನೂ ಹತ್ತಿರದಿಂದ ನೋಡಿದವಳಲ್ಲ. ನೋಡಲು ಕಲಿಸಿದವರು ಚಾಚಾ.

ಆಗ ಅವರಿಗೆ ಐವತ್ತರ ಆಸುಪಾಸು. ಎತ್ತರದ ಮನುಷ್ಯ, ತೆಳುವಾದ ಗಡ್ಡ, ಬಲಗೈಯ ಕಿರುಬೆರಳು ಅರ್ಧ ಮಾತ್ರ. ಉಗ್ರಾಣದ ಬಾಗಿಲು ತೆಗೆಯುವ ಮೊದಲು ಗೋಡೆಯ ನಲ್ಲಿಯನ್ನು ಒಮ್ಮೆ ಮುಟ್ಟುತ್ತಿದ್ದರು. ಮೊದಲು ನಾನು ಅದನ್ನು ಯಾವುದೋ ನಂಬಿಕೆ ಎಂದುಕೊಂಡಿದ್ದೆ. ಮೈಯಲ್ಲಿ ಕೂತ ಕರೆಂಟು ನಲ್ಲಿಯ ಮೂಲಕ ನೆಲಕ್ಕಿಳಿಯುತ್ತದೆ, ಪುಡಿಯ ಡಬ್ಬಿಗೆ ಕಿಡಿ ತಾಕುವುದಿಲ್ಲ ಎಂದು ಅವರೇ ಹೇಳಿದರು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ನಾನು ಮರೆತಿದ್ದ ಮಾತು ಅದು.

ಅವರ ಬಟ್ಟೆಯ ಜಗಳ ಕಾಲೇಜಿನಲ್ಲೆಲ್ಲ ಪ್ರಸಿದ್ಧ. ಕೆಳಹಂತದ ಸಿಬ್ಬಂದಿಗೆಲ್ಲ ಒಂದು ವರ್ಷ ಟೆರಿಕಾಟ್ ಸಮವಸ್ತ್ರ ಹೊಲಿಸಿಕೊಟ್ಟರಂತೆ. ಚಾಚಾ ತೊಡಲಿಲ್ಲ. ಮೂರು ಸಲ ಹೇಳಿ ಕಳಿಸಿದ ಮೇಲೆ ಕಚೇರಿಯಿಂದ ನೋಟೀಸು ಬಂತು. ಅದರ ಕೆಳಗೇ ಅವರು “ಈ ಬಟ್ಟೆಯಲ್ಲಿ ಕಿಡಿ ಇದೆ, ನಾನು ತೊಡುವುದಿಲ್ಲ” ಎಂದು ಬರೆದು ಸಹಿ ಹಾಕಿ ಮರಳಿಸಿದರು. ಪ್ರಾಚಾರ್ಯರು ಕರೆಸಿದರು. ಜನವರಿಯ ಒಣ ಹವೆ. ಚಾಚಾ ಆ ಹೊಸ ಅಂಗಿಯನ್ನು ಪ್ರಾಚಾರ್ಯರ ಮೇಜಿನ ಮೇಲೆ ಹರವಿ, ಅಂಗೈಯಿಂದ ನಾಲ್ಕು ಸಲ ಗಸಗಸ ಉಜ್ಜಿ, ಕಾಗದದ ಚೂರುಗಳ ಮೇಲೆ ಹಿಡಿದರು. ಚೂರುಗಳೆಲ್ಲ ಎದ್ದು ಅಂಗಿಗೆ ಅಂಟಿಕೊಂಡವು. ಮರುವಾರ ಅವರಿಗೊಬ್ಬರಿಗೆ ಖಾಕಿ ಹತ್ತಿ ಬಟ್ಟೆ ಬಂತು. ಇದನ್ನು ನನಗೆ ಹೇಳಿದವರು ಸ್ವತಃ ಪ್ರಾಚಾರ್ಯರು. ಹೇಳುವಾಗ ಅವರ ಮುಖದಲ್ಲಿ ಸೋತ ಬೇಸರವಿರಲಿಲ್ಲ.

ಪ್ರತಿ ವರ್ಷ ಮೊದಲ ಬಿ.ಎಸ್ಸಿ. ಹುಡುಗ ಹುಡುಗಿಯರಿಗೆ ಚಾಚಾ ಒಂದು ಪ್ರಯೋಗ ತೋರಿಸುತ್ತಿದ್ದರು. ಅದು ಪಠ್ಯದಲ್ಲಿಲ್ಲ. ಕಿಟಕಿಯ ಪರದೆ ಇಳಿಸಿ ಸ್ಪಿರಿಟ್ ದೀಪ ಹಚ್ಚಿ, ಹಳೆಯ ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ, ಬಿದ್ದ ಪುಡಿಯನ್ನು ಎರಡು ಬೆರಳಲ್ಲಿ ಹಿಡಿದು ಜ್ವಾಲೆಯ ಮೇಲೆ ಉದುರಿಸುತ್ತಿದ್ದರು. ಬಂಗಾರದ ಬಣ್ಣದ ಕಿಡಿಗಳು ಹಾರಿ, ತುದಿಯಲ್ಲಿ ಒಡೆದು ಕವಲಾಗುತ್ತಿದ್ದವು. ಕಬ್ಬಿಣದೊಳಗಿನ ಇಂಗಾಲ ಸಿಡಿಯುವುದರಿಂದ ಆ ಕವಲು. ಆಮೇಲೆ ಅಲ್ಯೂಮಿನಿಯಮ್ ಪುಡಿ ಒಂದು ಚಿಟಿಕೆ. ಅದು ಕಣ್ಣು ಕುಕ್ಕುವ ಬಿಳಿ. ಕಬ್ಬಿಣಕ್ಕಿಂತ ಅದು ಬಹಳ ಹೆಚ್ಚು ಶಾಖದಲ್ಲಿ ಉರಿಯುತ್ತದೆ, ಅದಕ್ಕೇ ಬಿಳಿ. ಹುಡುಗರು ಹೋ ಎನ್ನುವಷ್ಟರಲ್ಲಿ ಚಾಚಾ ದೀಪ ಆರಿಸುತ್ತಿದ್ದರು.

“ಬಾಣಕ್ಕ, ನಳಕ್ಕ ಬಾಲ ಎಲ್ಲಿಂದ ಬರತೈತಿ ಹೇಳ್ರಿ” ಎಂದು ಪಟಾಕಿಯ ರಾಕೆಟ್ಟು, ಹೂಕುಂಡಗಳ ಬಗ್ಗೆ ಕೇಳಿ, ಯಾರೂ ಹೇಳದಿದ್ದರೆ ತಾವೇ ಹೇಳುತ್ತಿದ್ದರು. “ಹಿಟ್ಟಿನಂಥಾ ಪುಡಿ ಬಾಯಾಗ ಸುಟ್ಟ ಹೋಗತೈತಿ. ರವಾದಂಥಾದು ಉರಕೋತ ಹಾರತೈತಿ, ಉರಕೋತ ಬೀಳತೈತಿ. ಅದು ಬಿದ್ದ ದಾರಿನ ಬಾಲ.”

ನಾನು ಅದಕ್ಕೆ ನನ್ನ ಭಾಷೆಯಲ್ಲಿ ಇನ್ನಷ್ಟು ಸೇರಿಸುತ್ತಿದ್ದೆ. ಕೊಳವೆಯೊಳಗೆ ಆ ಕಾಳು ಪೂರ್ತಿ ಉರಿದಿರುವುದಿಲ್ಲ, ಕಾದು ಕೆಂಪಾಗಿ ಹೊರಬಿದ್ದು ಗಾಳಿಯ ಆಮ್ಲಜನಕದಲ್ಲಿ ಉರಿಯುತ್ತಾ ಸಾಗುತ್ತದೆ, ಕ್ಷಣಕ್ಷಣದ ಬೆಳಕನ್ನು ನಮ್ಮ ಕಣ್ಣು ಒಂದೇ ಗೆರೆಯಾಗಿ ಜೋಡಿಸಿಕೊಳ್ಳುತ್ತದೆ, ಹೀಗೆ. ಹುಡುಗರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದು ಚಾಚಾನ ಮಾತನ್ನು.

ನಾನು ಸೇರಿದ ಮೊದಲ ವಾರವೇ ಅವರು ನನಗೊಂದು ಪ್ರಶ್ನೆ ಕೇಳಿದರು. ಮಧ್ಯಾಹ್ನದ ಹೊತ್ತು, ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ತೊಳೆದ ಬೀಕರುಗಳನ್ನು ಬೋರಲು ಹಾಕುತ್ತಾ, ತಲೆ ಎತ್ತದೆ ಕೇಳಿದರು.

“ಮ್ಯಾಡಂರ, ತೊಯ್ಸಿಟ್ಟ ಮದ್ದ ತಾನ ಬೆಂಕಿ ಹಿಡಿತೈತೇನ್ರಿ?”

ಮದ್ದು ಎಂದರೆ ಪಟಾಕಿಯ ಮದ್ದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಿಲ್ಲ ಎಂದೆ. ಅವರು ಬೀಕರು ಕೆಳಗಿಟ್ಟು ನನ್ನನ್ನು ನೋಡಿದರು. ನನಗಿಂತ ಮುಂಚೆ ಬಂದು ಹೋದ ಐದಾರು ಮಂದಿಗೂ ಇದನ್ನೇ ಕೇಳಿದ್ದರಂತೆ. ಒಬ್ಬರು ನಕ್ಕಿದ್ದರು. ಒಬ್ಬರು, ನೀರು ಹಾಕಿದರೆ ಬೆಂಕಿ ಆರುತ್ತದೆ, ಹತ್ತುವುದಿಲ್ಲ ಎಂದು ಬುದ್ಧಿ ಹೇಳಿದ್ದರು. ಗೊತ್ತಿಲ್ಲ ಎಂದವಳು ನಾನೇ ಮೊದಲಂತೆ.

“ಗೊತ್ತಿಲ್ಲ ಅಂದ್ರಲ್ರಿ, ಇನ್ನ ಕೆಲಸ ಸುರು ಆತು” ಎಂದರು.

ಆ ಪ್ರಶ್ನೆಯ ಹಿಂದಿನ ಕಥೆಯನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಒಂದು ವರ್ಷದಲ್ಲಿ ತುಂಡುತುಂಡಾಗಿ ಕೇಳಿದ್ದನ್ನು ನಾನು ಸೇರಿಸಿ ಹೇಳುತ್ತಿದ್ದೇನೆ.

ಅವರ ಊರು ಏಕಸಂಬಿ. ಮೂರು ತಲೆಮಾರಿನಿಂದ ಮದ್ದು ಕಟ್ಟುವ ಮನೆ. ಉರುಸು, ಮದುವೆ, ಮೆರವಣಿಗೆ ಏನಿದ್ದರೂ ಅತ್ತ ರಾಯಬಾಗದಿಂದ ಇತ್ತ ಕೊಗನೊಳ್ಳಿಯವರೆಗೆ ಅವರ ಮನೆಯ ನಳಗಳಿಗೇ ಬೇಡಿಕೆ. ಅವರ ತಂದೆ ಒಡೆದ ಕಬ್ಬಿನ ಗಾಣದ ಎರಕದ ಚಕ್ರಗಳನ್ನು ತಂದು, ಕುಟ್ಟಿ, ಜರಡಿ ಹಿಡಿದು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಡುತ್ತಿದ್ದರು. ಆ ಪುಡಿಯಿಂದ ನಳ ಹಚ್ಚಿದರೆ ತೆಂಗಿನ ಗರಿಯಷ್ಟು ಉದ್ದದ ಬಂಗಾರದ ಬಾಲಗಳು ಬಾಗಿ ಬೀಳುತ್ತಿದ್ದವು.

ಮುಂದೆ ಜನಕ್ಕೆ ಬಿಳಿ ಬೇಕೆನಿಸಿತು. ಪೇಟೆಯಿಂದ ಬಂದ ಪಟಾಕಿಯಲ್ಲಿ ಬೆಳ್ಳಿಯಂಥ ಬಾಲ ಇರುತ್ತಿತ್ತು. ಮದುವೆಯವರು ಅದನ್ನೇ ಕೇಳತೊಡಗಿದರು. ಚಾಚಾಗೆ ಒಬ್ಬ ತಮ್ಮನಿದ್ದ, ಹನ್ನೆರಡು ವರ್ಷ ಚಿಕ್ಕವನು. ನಮಗೆ ಬಂಗಾರ ಗೊತ್ತು, ಬೆಳ್ಳಿ ಗೊತ್ತಿಲ್ಲ, ಗೊತ್ತಿಲ್ಲದ್ದು ಬೇಡ ಎಂದ ಅವನು. ಚಾಚಾ ಕೇಳಲಿಲ್ಲ. ದೊಡ್ಡವನ ಮಾತೇ ನಡೆಯಿತು. ಚಾಚಾ ಹೋಗಿ ಅಲ್ಯೂಮಿನಿಯಮ್ ಪುಡಿಯ ಡಬ್ಬಿ ತಂದರು, ಮನೆಯಲ್ಲಿ ಅದಕ್ಕೆ ಬೆಳ್ಳಿ ಪುಡಿ ಎಂದೇ ಹೆಸರಾಯಿತು.

ಆ ಮನೆಯಲ್ಲಿ ತಂದೆಯ ಒಂದು ಕಟ್ಟಳೆ ಇತ್ತು. ಕಲಸಿದ ಮದ್ದು ಉಳಿದರೆ ಅದಕ್ಕೆ ನೀರು ಹಾಕಿ ಒದ್ದೆ ಗೋಣಿ ಮುಚ್ಚಬೇಕು. ನೀರು ಹಾಕಿದ ಮದ್ದು ಸತ್ತ ಹಾವು ಎನ್ನುತ್ತಿದ್ದರು. ಕಬ್ಬಿಣದ ಮದ್ದಿನ ಕಾಲದಲ್ಲಿ ಅದು ಅವರ ಕೈ ಬಿಟ್ಟಿರಲಿಲ್ಲ. ಒಂದು ಮಳೆಗಾಲ ಮದುವೆಯೊಂದು ಮಳೆಗೆ ಮುಂದೆ ಹೋಯಿತು. ಬೆಳ್ಳಿ ಪುಡಿ ಬೆರೆಸಿದ ಮದ್ದು ಉಳಿಯಿತು, ಅದಕ್ಕೆ ನೀರು ಹಾಕಿಡುವ ಕೆಲಸ ತಮ್ಮನದು. ಮರುದಿನ ಬೆಳಿಗ್ಗೆ ಚಾಚಾ ಮಾಲು ಮುಟ್ಟಿಸಲು ಕೊಗನೊಳ್ಳಿಗೆ ಹೋಗಿದ್ದರು. ಹೊಲದ ಅಂಚಿನಲ್ಲಿದ್ದ ಮದ್ದಿನ ಕೋಣೆಗೆ ತಮ್ಮ ಹೋದ. ಬಾಗಿಲು ತೆಗೆದನೋ ಇಲ್ಲವೋ ಯಾರಿಗೂ ತಿಳಿಯದು. ಕೋಣೆಯೇ ಹಾರಿಹೋಯಿತು.

ತಮ್ಮನಿಗೆ ಇಪ್ಪತ್ತಾರು. ಅವನ ಹೆಂಡತಿ ನಿಪ್ಪಾಣಿಯವಳು, ಮಡಿಲಲ್ಲಿ ಆರು ತಿಂಗಳ ಹೆಣ್ಣುಮಗು. ಬೆಂಕಿ ತಾನಾಗಿ ಹತ್ತುವುದಿಲ್ಲ ಎಂದರು ಊರವರು. ತಂದೆಯೂ ಅದನ್ನೇ ಅಂದರು. ಹುಡುಗ ಕೋಣೆಯಲ್ಲಿ ಬೀಡಿ ಹಚ್ಚಿರಬೇಕು ಎಂದಾಯಿತು. ಸೊಸೆಯ ತವರಿನಲ್ಲಿ ಬೀಡಿ ಕಟ್ಟಿ ಬದುಕುತ್ತಿದ್ದರು. ಹೀಗಾಗಿ ಮಾತು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಚಟ ಹೆಂಡತಿಯ ಮನೆಯಿಂದ ಬಂದಿದ್ದೆಂದೂ ಆಯಿತು. ನಲವತ್ತು ದಿನ ಕಳೆದ ಮೇಲೆ ಆಕೆಯನ್ನು ಮಗುವಿನ ಸಮೇತ ನಿಪ್ಪಾಣಿಗೆ ಕಳಿಸಿದರು. ಮದ್ದಿನ ಕೆಲಸ ನಿಂತಿತು. ತಂದೆ ಆ ಮಗನ ಹೆಸರನ್ನು ಮತ್ತೆ ಬಾಯಲ್ಲಿ ತರಲಿಲ್ಲ.

ತಮ್ಮ ಬೀಡಿ ಸೇದುವವನಲ್ಲ ಎಂದು ಚಾಚಾಗೆ ಗೊತ್ತಿತ್ತು. ಆದರೆ ಮತ್ತೆ ಬೆಂಕಿ ಎಲ್ಲಿಂದ ಬಂತು ಎಂದರೆ ಅವರಲ್ಲಿ ಉತ್ತರವಿರಲಿಲ್ಲ. ರಸಾಯನಶಾಸ್ತ್ರ ಕಲಿಸುವ ಜಾಗದಲ್ಲಿ ಉತ್ತರ ಇದ್ದೀತೆಂದು ನಮ್ಮ ಕಾಲೇಜಿನಲ್ಲಿ ಬೀಕರು ತೊಳೆಯುವ ಕೆಲಸಕ್ಕೆ ಸೇರಿದರು. ಸೇರಿದ ವರ್ಷವೇ ಒಬ್ಬ ಅಧ್ಯಾಪಕರು ಸೋಡಿಯಮ್ ತುಣುಕನ್ನು ನೀರಿಗೆ ಹಾಕಿ ತೋರಿಸಿದರು. ಅದು ನೀರಿನ ಮೇಲೆ ಓಡಾಡಿ ಹೊತ್ತಿಕೊಂಡಿತು. ಚಾಚಾ ಕೈಯಲ್ಲಿದ್ದ ಟ್ರೇ ಬಿಟ್ಟರಂತೆ. ಹತ್ತೊಂಬತ್ತು ಗಾಜಿನ ನಳಿಗೆಗಳು ಒಡೆದವು. ನೀರಿನಲ್ಲೂ ಬೆಂಕಿ ಹುಟ್ಟುತ್ತದೆ ಎಂದು ಅವರು ಕಂಡದ್ದು ಆವತ್ತು. ಅಂದಿನಿಂದ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿರಲಿಲ್ಲ.

ನಾನು ರಜೆಯಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ನಾಲ್ಕನೆಯ ದಿನ ಒಂದು ಹಳೆಯ ಸುರಕ್ಷತೆಯ ಪುಸ್ತಕದಲ್ಲಿ ಅರ್ಧ ಪುಟ ಸಿಕ್ಕಿತು. ಮದ್ದಿನಲ್ಲಿರುವ ಪೆಟ್ಲುಪ್ಪಿನ, ಅಂದರೆ ಪೊಟ್ಯಾಸಿಯಮ್ ನೈಟ್ರೇಟಿನ, ಜೊತೆ ಅಲ್ಯೂಮಿನಿಯಮ್ ಪುಡಿ ಇದ್ದು, ಅದು ಹಸಿಯಾದರೆ, ಕೆಲವು ಸಂದರ್ಭಗಳಲ್ಲಿ ಒಳಗೊಳಗೇ ಕಾಯುತ್ತದೆ. ಅಮೋನಿಯಾ ಹೊರಡುತ್ತದೆ. ರಾಶಿ ದೊಡ್ಡದಿದ್ದು ಶಾಖ ಹೊರಹೋಗದಿದ್ದರೆ ತಾನೇ ಹೊತ್ತಿಕೊಳ್ಳಬಹುದು. ಕಬ್ಬಿಣದ ಪುಡಿಗೆ ಈ ಗುಣವಿಲ್ಲ, ಅದು ಹೆಚ್ಚೆಂದರೆ ತುಕ್ಕು ಹಿಡಿದು ಕೆಡುತ್ತದೆ. ಅಂದರೆ ಅಷ್ಟು ವರ್ಷ ಆ ಮನೆಯನ್ನು ಕಾದ ಕಟ್ಟಳೆ ಬೆಳ್ಳಿ ಪುಡಿಗೆ ಮಾತ್ರ ತಿರುಗುಮುರುಗಾಗಿತ್ತು.

ನಾನು ಅದನ್ನು ಓದಿ ಹೇಳಿದಾಗ ಚಾಚಾ ಕಣ್ಣಲ್ಲಿ ನೋಡಬೇಕು ಎಂದರು. ಪ್ರಾಚಾರ್ಯರ ಒಪ್ಪಿಗೆ ಪಡೆದು, ಮರಳಿನ ತಟ್ಟೆಯಲ್ಲಿ, ದಪ್ಪ ಗಾಜಿನ ಹಿಂದೆ, ಪ್ರನಾಳದಲ್ಲಿ ಬೆಳ್ಳಿ ಪುಡಿಯ ತೊಯ್ದ ಮದ್ದು ಚಿಟಿಕೆಯಷ್ಟು ಇಟ್ಟು ಥರ್ಮಾಮೀಟರ್ ಇಳಿಬಿಟ್ಟೆವು. ಎರಡು ದಿನ ಕಾದೆವು. ಪಾದರಸ ಕದಲಲಿಲ್ಲ. ಪುಸ್ತಕದಲ್ಲಿ ಬರೆದದ್ದೆಲ್ಲ ನಮ್ಮ ಕೈಲಿ ಆಗಲೇಬೇಕೆಂದಿಲ್ಲ ಚಾಚಾ, ಇಲ್ಲಿಗೆ ಬಿಡೋಣ ಎಂದೆ. ಅವರು ಪ್ರನಾಳ ತೊಳೆದರು, ಒರೆಸಿದರು, ಸ್ಟ್ಯಾಂಡಿಗಿಟ್ಟರು. ಆಮೇಲೆ ಭಟ್ಟಿ ಇಳಿಸಿದ ಶುದ್ಧ ನೀರಿನ ಬಾಟಲಿ ಎತ್ತಿ ನೋಡಿ, “ನಮ್ಮನ್ಯಾಗ ಈ ನೀರ ಇದ್ದಿಲ್ರಿ” ಎಂದರು.

ಸೋಮವಾರ ಮೊದಲ ಬಸ್ಸಿಗೆ ಒಂದು ಕ್ಯಾನು ಹಿಡಿದು ಬಂದರು. ಆ ಹೊಲದ ಬಾವಿಯ ನೀರು. ನದಿಯ ಪಕ್ಕದ ಎರೆಹೊಲ, ಕಬ್ಬಿಗೆ ನೀರು ಬಿಟ್ಟುಬಿಟ್ಟು ಸವಳು ಹಿಡಿದಿತ್ತು. ನೀರು ನಾಲಿಗೆಗೆ ಸೋಡಾದಂತಿತ್ತು. ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿದರೆ ನಿಧಾನಕ್ಕೆ ನೀಲಿಯಾಯಿತು. ಕ್ಷಾರದ ನೀರು. ಅಲ್ಯೂಮಿನಿಯಮ್ ಮೇಲಿನ ರಕ್ಷಣೆಯ ಪದರ ಕ್ಷಾರಕ್ಕೆ ಕರಗುತ್ತದೆ ಎಂಬುದು ನಾನೇ ಪ್ರತಿ ವರ್ಷ ಕಲಿಸುವ ಪಾಠ. ನನಗೆ ಹೊಳೆದಿರಲಿಲ್ಲ.

ಹತ್ತೂವರೆಗೆ ಆ ನೀರಿನಲ್ಲಿ ಕಲಸಿ ಇಟ್ಟೆವು. ಹನ್ನೆರಡರವರೆಗೆ ಏನೂ ಇಲ್ಲ. ಮಧ್ಯಾಹ್ನ ಪಾದರಸ ಒಂದು ಗೆರೆ ಏರಿತು, ಆಮೇಲೆ ಎರಡು, ಆಮೇಲೆ ನಾನು ಬರೆದುಕೊಳ್ಳುವಷ್ಟರಲ್ಲಿ ಮುಂದಿನ ಗೆರೆ. ಪ್ರನಾಳದ ಬಾಯಿಗೆ ಹಸಿ ಲಿಟ್ಮಸ್ ಹಿಡಿದೆ. ನೀಲಿ. ಮೂಗಿಗೆ ಘಾಟು ಬಡಿಯಿತು, ವಾರಗಟ್ಟಲೆ ತೊಳೆಯದ ದನದ ಕೊಟ್ಟಿಗೆಯ ಘಾಟು. ಇನ್ನು ಸಾಕೆಂದು ನಾನು ಇಕ್ಕಳದಿಂದ ಎತ್ತಿ ಅದನ್ನು ಬಕೆಟ್ಟಿನ ತಣ್ಣೀರಿನಲ್ಲಿ ಮುಳುಗಿಸಿದೆ.

ಚಾಚಾ ಸ್ಟೂಲಿನ ಮೇಲೆ ಕೂತರು. ಲ್ಯಾಬಿನಲ್ಲಿ ಅವರು ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಅವ ನೀರ ಹಾಕಿದ್ದ. ಅಪ್ಪನ ಮಾತ ಕೇಳಿದ್ದ” ಎಂದರು. ಮೇಜಿನ ಮೇಲಿನ ಡಬ್ಬಿಯ ಕಡೆ ಕೈ ತೋರಿ, “ಪುಡಿ ತಂದಾಂವ ನಾನ” ಎಂದರು.

ನನಗೆ ಆ ಕ್ಷಣದವರೆಗೆ ಅದು ತಟ್ಟಿರಲಿಲ್ಲ. ತಮ್ಮನನ್ನು ಬಿಡಿಸುವ ಉತ್ತರ ಅಣ್ಣನನ್ನು ಹಿಡಿಯುತ್ತದೆ. ಅವರಿಗೆ ಅದು ಮೊದಲಿನಿಂದಲೂ ಗೊತ್ತಿತ್ತೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಇದನ್ನು ಹೊರಗೆ ಹೇಳಿದರೆ ತಪ್ಪು ನಿಮ್ಮ ಮೇಲೆ ಬರುತ್ತದೆ ಚಾಚಾ, ಯೋಚಿಸಿ ಎಂದೆ.

“ಬರಲ್ರಿ. ಇಷ್ಟ ವರ್ಷ ಅದು ತಪ್ಪ ಮನಿಯಾಗ ಕೂತೈತಿ.”

ಬರೆದುಕೊಡಿ ಎಂದರು. ನಾನು ಒಂದು ಬಿಳಿಯ ಹಾಳೆಯಲ್ಲಿ, ನನ್ನ ಹೆಸರು, ಓದು ಎಲ್ಲ ಹಾಕಿ, ಕಂಡದ್ದನ್ನು ಕನ್ನಡದಲ್ಲಿ ಬರೆಯತೊಡಗಿದೆ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅಂಥ ಮದ್ದು ಬೆಂಕಿ ತಾಕದೆಯೂ ಹೊತ್ತಿಕೊಳ್ಳಬಹುದು ಎಂದಷ್ಟೇ ನಾನು ಬರೆಯಬಲ್ಲೆ, ಅಂದು ಹಾಗೇ ಆಯಿತೆಂದು ಬರೆಯಲಾರೆ, ನಾನು ಅಲ್ಲಿರಲಿಲ್ಲ ಎಂದೆ. ಅವರಿಗೆ ನಿರಾಸೆಯಾಗುತ್ತದೆಂದು ಹೆದರಿದ್ದೆ.

“ಆಗಬಹುದು ಅಂತ ಬರದ್ರ ಸಾಕ್ರಿ. ಇಷ್ಟ ದಿನ ಎಲ್ಲಾರೂ ಆಗೂದಿಲ್ಲ ಅಂತಿದ್ರು.”

ಭಾನುವಾರ ನನ್ನನ್ನೂ ಏಕಸಂಬಿಗೆ ಕರೆದೊಯ್ದರು. ತಂದೆ ಪಡಸಾಲೆಯ ಹೊರಸಿನ ಮೇಲಿದ್ದರು. ಎಂಬತ್ತು ದಾಟಿತ್ತು, ಕಣ್ಣು ಹೋಗಿತ್ತು. ಮನೆಯಲ್ಲಿ ಉರ್ದು ಆಡುವವರು ನನಗಾಗಿ ಕನ್ನಡಕ್ಕೆ ಹೊರಳಿದರು. ನಾನು ಹಾಳೆ ಓದಿದೆ. ಕಾಲೇಜಿನವರು ಏನು ಬೇಕಾದರೂ ಬರೆಯುತ್ತಾರೆ, ಬೆಂಕಿ ತಾನಾಗಿ ಹತ್ತುವುದಿಲ್ಲ ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಚಾಚಾ ವಾದಕ್ಕೆ ಹೋಗಲಿಲ್ಲ. ಅವತ್ತಿನದೇ ಘಾಟಿನ, ಲ್ಯಾಬಿನ ಅಮೋನಿಯಾ ದ್ರಾವಣದ ಒಂದು ಸಣ್ಣ ಬಾಟಲಿ ಅವರ ಜೇಬಿನಲ್ಲಿತ್ತು. ಬಿರಡೆ ತೆಗೆದು ತಂದೆಯ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದರು.

ಮುದುಕರು ತಲೆ ಹಿಂದೆ ಎಳೆದುಕೊಂಡರು. ಕೈ ನೀಡಿ, ಗಾಳಿಯಲ್ಲಿ ತಡಕಿ, ಬಾಟಲಿಯನ್ನು ಹಿಡಿದು ಮತ್ತೆ ತಾವೇ ಹತ್ತಿರ ತಂದುಕೊಂಡರು. ಇನ್ನೊಮ್ಮೆ ಮೂಸಿದರು.

“ಇದು ಆ ಮುಂಜಾನಿ ವಾಸನಿ” ಎಂದರು ಕೊನೆಗೆ.

ಆ ದಿನ ಬೆಳಗಿನ ನಮಾಜಿಗೆ ಅವರು ಮದ್ದಿನ ಕೋಣೆಯ ಪಕ್ಕದ ದಾರಿಯಿಂದಲೇ ಹೋಗಿದ್ದರು. ಘಾಟು ಬಂದಿತ್ತು. ಅಲ್ಲೇ ಪಕ್ಕದಲ್ಲಿ ಎಮ್ಮೆ ಕಟ್ಟುವ ಜಾಗ ಬಳಿದಿಲ್ಲವೆಂದುಕೊಂಡು, ಮನೆಗೆ ಬಂದು ಸಣ್ಣ ಸೊಸೆಯನ್ನು ಬೈದಿದ್ದರು. ಬೈದು ಚಹಾದ ಬಟ್ಟಲು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಸದ್ದು ಕೇಳಿತ್ತು. ಆಮೇಲೆ ಆ ವಾಸನೆಯನ್ನು ನೆನೆಯಲು ಅವರಿಗೆ ಕಾರಣವೇ ಇರಲಿಲ್ಲ. ಇದನ್ನೆಲ್ಲ ಅವರು ಒಂದೊಂದೇ ಮಾತು ತೆಗೆದು ಇಡುವಂತೆ ಹೇಳಿದರು. ನಾನು ಬರೆಯಲಾಗದೆ ನಿಂತಿದ್ದ ಸಾಲನ್ನು ಅವರು ಪೂರ್ತಿ ಮಾಡಿದ್ದರು.

“ಗಾಡಿ ತರಸು. ನಿಪ್ಪಾಣಿಗೆ ಹೋಗೂನು.”

ನಾಳೆ ಹೋದರಾಯಿತು ಎಂದರೆ ಕೇಳಲಿಲ್ಲ. ಆ ಹಟ ಮಗನಿಗೆ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ಪಕ್ಕದ ಮನೆಯವರ ಜೀಪಿನಲ್ಲಿ ಮಧ್ಯಾಹ್ನವೇ ಹೊರಟೆವು.

ಆ ಸೊಸೆಯ ಮನೆ ನಿಪ್ಪಾಣಿಯ ಒಂದು ಓಣಿಯಲ್ಲಿತ್ತು. ಒಂದೇ ಕೋಣೆ, ಮುಂದೆ ತಗಡಿನ ಚಪ್ಪರ. ಮೊರದಲ್ಲಿ ಎಲೆ, ತಂಬಾಕು, ದಾರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತಿದ್ದರು. ನಲವತ್ತೂ ತುಂಬಿರದ ಹೆಂಗಸು. ಮಾವ ಜೀಪಿನಿಂದ ಇಳಿಯುವುದನ್ನು ನೋಡಿ ಸೆರಗು ತಲೆಗೆಳೆದುಕೊಂಡು ಎದ್ದರು, ಆದರೆ ಬರ್ರಿ ಅನ್ನಲಿಲ್ಲ. ಮುದುಕರು ಚಪ್ಪರದ ಕಂಬ ಹಿಡಿದು ನಿಂತೇ ಹೇಳಿದರು.

“ನಿನ್ನ ಗಂಡ ನನ್ನ ಮಾತ ಮೀರಿದ್ದಿಲ್ಲವಾ. ನಾ ಹೇಳಿದ್ದ ತಪ್ಪಿತ್ತು.”

ಆಕೆ ನನ್ನ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. “ಅವರು ಬೀಡಿ ಸೇದೂದಿಲ್ಲಂತ ನನಗ ಗೊತ್ತಿತ್ತು. ಆವತ್ತ ಎಮ್ಮಿ ಜಾಗಾ ಬಳದಿದ್ದೆ ಅಂತನೂ ಗೊತ್ತಿತ್ತು. ನನಗ ಕಾಗದ ಬೇಕಿದ್ದಿಲ್ಲ. ನೀವು ಬರೂದ ಬೇಕಿತ್ತು” ಎಂದರು. ದನಿ ಏರಿರಲಿಲ್ಲ. ಹೇಳಿ ಮಾವನ ಕೈ ಹಿಡಿದು ಒಳಗೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿದರು.

ಚಾಚಾ ಹೊರಗೇ ನಿಂತಿದ್ದರು. ಆಕೆ ಮತ್ತೆ ಬಾಗಿಲಿಗೆ ಬಂದಾಗ, ಬೆಳ್ಳಿ ಪುಡಿ ಬೇಡವೆಂದು ತಮ್ಮ ಹೇಳಿದ್ದನ್ನು, ತಾನು ಕೇಳದೆ ತಂದದ್ದನ್ನು ಒಂದೂ ಬಿಡದೆ ಹೇಳಿದರು. ಕ್ಷಮೆ ಎಂಬ ಶಬ್ದ ಬಳಸಲಿಲ್ಲ. ಆಕೆ ಪೂರ್ತಿ ಕೇಳಿದರು.

“ಇದಕ್ಕ ನಾ ಈವತ್ತ ಏನೂ ಹೇಳಾಂಗಿಲ್ಲ, ಭಾವಾ” ಎಂದರು.

ಚಾಚಾ ತಲೆ ಅಲ್ಲಾಡಿಸಿದರು. ಅವರಿಗೆ ಅದು ನ್ಯಾಯವೆನಿಸಿತು.

ಮರುದಿನ ಎಂದಿನಂತೆ ಒಂಬತ್ತಕ್ಕೆ ಕೆಲಸಕ್ಕೆ ಬಂದರು. ಆದರೆ ಆ ವರ್ಷದಿಂದ ಬೇಸಿಗೆಯ ರಜೆ ಬಂದರೆ ಮನೆಯಲ್ಲಿ ನಿಲ್ಲಲಿಲ್ಲ. ಅಥಣಿ, ರಾಯಬಾಗ, ಗಡಿಯಾಚೆಯ ಹಳ್ಳಿಗಳು, ಎಲ್ಲೆಲ್ಲಿ ಮದ್ದು ಕಟ್ಟುವ ಮನೆ ಇದೆಯೋ ಅಲ್ಲಿಗೆ ಬಸ್ಸು ಹತ್ತಿ ಹೋಗುತ್ತಿದ್ದರು. ಬೆಳ್ಳಿ ಪುಡಿ ಬಳಸುತ್ತೀರಾ, ಅದು ಹಸಿಯಾಗದಂತೆ ನೋಡಿಕೊಳ್ಳುತ್ತೀರಾ, ಕೊಟ್ಟಿಗೆಯ ಘಾಟು ಬಂದರೆ ಒಳಗೆ ಹೋಗದೆ ದೂರ ಓಡಬೇಕೆಂದು ಮನೆಯ ಹೆಂಗಸರಿಗೂ ಗೊತ್ತಿದೆಯಾ ಎಂದು ಕೇಳುತ್ತಿದ್ದರು. ನನ್ನ ಹಾಳೆಯ ನಕಲನ್ನು ಮರಾಠಿಯಲ್ಲೂ ಬರೆಸಿಕೊಂಡಿದ್ದರು. ಅಥಣಿ ಕಡೆಯ ಒಬ್ಬ ಹಿರಿಯ, ತನಗೆ ಕಲಿಸಲು ಬಂದಿದ್ದೀಯಾ ಎಂದು ಅಂಗಳದಿಂದ ಹೊರಗೆ ಹಾಕಿದನಂತೆ. ಚಾಚಾ ರಸ್ತೆಯ ಆಚೆಯ ಬೇವಿನ ಮರದ ಕೆಳಗೆ ಕೂತರು. ಸಂಜೆಯವರೆಗೆ ಕೂತರು. ಮರುದಿನ ಮತ್ತೆ ಹೋಗಿ ಕೂತರು. ಮೂರನೆಯ ದಿನ ಆ ಹಿರಿಯ ಕರೆದು, ಏನದು ಹೇಳು ಎಂದ. ಹೇಳಿ ಚಹಾ ಕುಡಿದು ಬಂದರು.

ತಂದೆ ಎರಡು ವರ್ಷ ಬದುಕಿದ್ದರು. ಆ ಎರಡು ವರ್ಷ ಸೊಸೆ ಮೊಮ್ಮಗಳೊಡನೆ ಹಬ್ಬಗಳಿಗೆ ಏಕಸಂಬಿಗೆ ಬಂದು ಹೋದರು. ಚಾಚಾನ ಜೊತೆ ಬೇಕಾದಷ್ಟೇ ಮಾತು. ಆವತ್ತು ಆಕೆ ಕೊಡದ ಉತ್ತರವನ್ನು ಚಾಚಾ ಕೇಳಲೂ ಇಲ್ಲ, ಅವಸರ ಮಾಡಲೂ ಇಲ್ಲ. ಆ ಉತ್ತರ ಬರುವುದೇ ಇಲ್ಲವೇನೋ ಎಂದು ನಾನೊಮ್ಮೆ ಅಂದಾಗ, “ಬರದಿದ್ರೂ ಅದು ಅವರ ಹಕ್ಕ್ರಿ” ಎಂದು ಬರ್ನರಿನ ತೂತು ಸ್ವಚ್ಛ ಮಾಡುವುದನ್ನು ಮುಂದುವರಿಸಿದರು.

ಅವರು ನಿವೃತ್ತರಾಗುವುದಕ್ಕೆ ಆರು ತಿಂಗಳ ಮೊದಲು ಆ ಹುಡುಗಿಯ ಮದುವೆ ಗೊತ್ತಾಯಿತು. ನಿಕಾಹದಲ್ಲಿ ಹುಡುಗಿಯ ಕಡೆಯ ಹಿರಿಯರೊಬ್ಬರು ವಕೀಲರಾಗಿ ಅವಳ ಬಳಿಗೆ ಹೋಗಿ ಒಪ್ಪಿಗೆ ಕೇಳಿ, ಅದನ್ನು ಸಭೆಗೆ ತಿಳಿಸಬೇಕು. ತಂದೆಯೋ ತಂದೆಯ ಸ್ಥಾನದವರೋ ಮಾಡುವ ಕೆಲಸ. ಹುಡುಗಿಯನ್ನು ಸಾಕಿ ಬೆಳೆಸಿದ ಸೋದರಮಾವ ನಿಪ್ಪಾಣಿಯಲ್ಲೇ ಇದ್ದರು, ಅವರೇ ಮಾಡುತ್ತಾರೆಂದು ಎಲ್ಲರೂ ತಿಳಿದಿದ್ದರು. ಮದುವೆಗೆ ಹತ್ತು ದಿನ ಇರುವಾಗ ಆಕೆ ಚಿಕ್ಕೋಡಿಗೆ ಬಂದರು. ಸೀದಾ ಲ್ಯಾಬಿಗೆ. ನಾನು ಪ್ರಾಕ್ಟಿಕಲ್ ನಡೆಸುತ್ತಿದ್ದೆ. ಬಾಗಿಲ ಬಳಿ ನಿಂತು ಚಾಚಾಗೆ, ಮುಂದಿನ ವಾರ ಶುಕ್ರವಾರ ನೀವು ವಕೀಲರಾಗಿ ಕೂಡಬೇಕು ಭಾವಾ, ಎಂದರು. ಅಷ್ಟು ಹೇಳಿ ಮರುಬಸ್ಸಿಗೆ ಹೊರಟರು. ಚಾಚಾ ಒಳಗೆ ಬಂದು, ಒಬ್ಬ ಹುಡುಗಿಯ ಓರೆಯಾಗಿದ್ದ ಬ್ಯುರೆಟ್ಟನ್ನು ನೇರ ಮಾಡಿ, ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ ನಾನು ಯಾರನ್ನೂ ಆ ಕಡೆ ಬಿಡಲಿಲ್ಲ.

ಶುಕ್ರವಾರ ನಾನು ಹೆಂಗಸರ ಕಡೆ ಕೂತಿದ್ದೆ, ನಡುವೆ ಬಟ್ಟೆಯ ಪರದೆ. ಚಾಚಾ ಇಬ್ಬರು ಸಾಕ್ಷಿಗಳೊಡನೆ ಬಂದು ಹುಡುಗಿಯ ಒಪ್ಪಿಗೆ ಕೇಳಿದರು. ಅವಳು ತಲೆ ತಗ್ಗಿಸಿ ಹೂಂ ಎಂದಳು. ಅವರು ಹೊರಗೆ ಹೋದರು. ಪೆಂಡಾಲಿನಲ್ಲಿ ಏಕಸಂಬಿಯಿಂದ ಬಂದ ಎರಡು ಬಸ್ಸಿನ ಜನ ಇದ್ದರು, ಬೀಡಿಯ ಮಾತನ್ನು ಆಡಿದವರೂ ಅದರಲ್ಲಿದ್ದರು. ಹುಡುಗಿ ಯಾರ ಮಗಳು ಎಂದು ಖಾಜಿಯವರು ಕೇಳಿದರು. ಮೈಕು ಇನ್ನೂ ಅವರ ಕೈಯಲ್ಲೇ ಇತ್ತು. ಚಾಚಾ ಅದಕ್ಕಾಗಿ ಕಾಯಲಿಲ್ಲ. ತಮ್ಮನ ಹೆಸರನ್ನು ಹೇಳಿದರು, ಅವನ ಮಗಳು ಎಂದರು. ಯಾವತ್ತೂ ದನಿ ಎತ್ತದ ಆ ಮನುಷ್ಯನ ಮಾತು ಪರದೆ ದಾಟಿ, ಚಪ್ಪರ ದಾಟಿ, ಹೊರಗೆ ಓಣಿಯಲ್ಲಿ ನಿಂತವರಿಗೂ ಕೇಳಿಸಿತು. ನನ್ನ ಪಕ್ಕದಲ್ಲಿ ಹುಡುಗಿಯ ತಾಯಿ ಕೂತಿದ್ದರು. ಅಷ್ಟು ಜನರ ನಡುವೆ ಆ ಹೆಸರನ್ನು ಅವರು ಇಪ್ಪತ್ತೆರಡು ವರ್ಷಗಳ ಮೇಲೆ ಕೇಳುತ್ತಿದ್ದರು. ಕಣ್ಣು ಮುಚ್ಚಿದರು, ತೆರೆದರು, ಮಗಳ ತಲೆಯ ಮೇಲಿನ ಸೆರಗನ್ನು ಸರಿಪಡಿಸಿದರು.